ಮಳೆಗಾಲದ ರೈಲಿಗೆ ಬೇರೆ ವೇಳಾಪಟ್ಟಿ ಏಕೆ?

ಜೂನ್ ಬಂತೆಂದರೆ ಕರಾವಳಿಗೆ ಮಳೆಯ ಜೊತೆ ಹೊಸದೊಂದು ರೈಲ್ವೆ ವೇಳಾಪಟ್ಟಿಯೂ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಿಂದ ಗೋವಾ, ಮುಂಬಯಿ ಕಡೆಗೆ ಹೋಗುವ ಹಲವು ಗಾಡಿಗಳ ಹೊತ್ತು ಬದಲಾಗುತ್ತದೆ. ಪ್ರಯಾಣದ ಅವಧಿಯೂ ಹೆಚ್ಚುತ್ತದೆ. ಬಹುಕಾಲ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತಿದ್ದ ಈ ಪಟ್ಟಿಯನ್ನು 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ಕ್ಕೆ ಮೊಟಕುಗೊಳಿಸಲಾಯಿತು.

‘ಮಳೆಗೆ ಬಸ್ಸೇ ನಿಲ್ಲುವುದಿಲ್ಲ, ಕಬ್ಬಿಣದ ಹಳಿಯ ಮೇಲೆ ಓಡುವ ರೈಲಿಗೇನು ಕಷ್ಟ?’ ಎಂದು ಮಕ್ಕಳು ಕೇಳುವುದುಂಟು. ಕಷ್ಟವಿರುವುದು ಹಳಿಯಲ್ಲಿ ಅಲ್ಲ, ಹಳಿಯ ಪಕ್ಕದ ಗುಡ್ಡದಲ್ಲಿ.

ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಹಬ್ಬಿರುವ ಕೊಂಕಣ ರೈಲುಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಅದರಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ, ಸುಮಾರು 2000 ಸೇತುವೆಗಳಿವೆ. ಸುರಂಗವಿಲ್ಲದ ಅನೇಕ ಕಡೆ ಗುಡ್ಡವನ್ನು ಸೀಳಿ ಹಾದಿ ಮಾಡಲಾಗಿದೆ. ಎಡಬಿಡದೆ ಮಳೆ ಸುರಿದಾಗ ಈ ಇಳಿಜಾರಿನ ಮಣ್ಣು ನೀರು ಹೀರಿ ಭಾರವಾಗುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡದಿಂದ ಅವುಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ. ಆಗ ಮಣ್ಣು ಜಾರುತ್ತದೆ; ಅದರಲ್ಲಿ ಹುದುಗಿದ್ದ ಬಂಡೆಗಳು ಉರುಳುತ್ತವೆ.

ರೈಲಿನ ಉಕ್ಕಿನ ಗಾಲಿಗೂ ಉಕ್ಕಿನ ಹಳಿಗೂ ನಡುವೆ ಘರ್ಷಣೆ ಕಡಿಮೆ. ಆದ್ದರಿಂದ ಬ್ರೇಕ್ ಹಾಕಿದರೂ ಅದು ಬಸ್ಸಿನಂತೆ ಬೇಗ ನಿಲ್ಲಲಾರದು. ಇಲ್ಲಿ ಭೌತಶಾಸ್ತ್ರದ ಪಾಠವೊಂದು ನೆನಪಿಗೆ ಬರಬೇಕು: ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 80 ಕಿ.ಮೀ. ವೇಗವನ್ನು 40ಕ್ಕೆ ಇಳಿಸಿದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ ಅರ್ಧವಲ್ಲ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಜಡಿಮಳೆಯಲ್ಲಿ ಮುಂದಿನ ದಾರಿ ಸರಿಯಾಗಿ ಕಾಣದಿದ್ದರೆ ವೇಗವನ್ನು 40ಕ್ಕೆ ಇಳಿಸಬೇಕೆಂದು ಕೊಂಕಣ ರೈಲ್ವೆ ಚಾಲಕರಿಗೆ ಸೂಚಿಸಿರುವುದು ಇದೇ ಕಾರಣಕ್ಕೆ.

ಈ ಎಚ್ಚರದ ಹಿಂದೆ ಕಹಿ ಅನುಭವವಿದೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಬಡಿದು ಸುಮಾರು 50 ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷ ಜೂನ್ 16ರಂದು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕೂಡ ರಾಯಗಡ ಜಿಲ್ಲೆಯಲ್ಲಿ ಬಂಡೆಗೆ ಸಿಕ್ಕಿ ಹಳಿ ತಪ್ಪಿತು.

ಇಂದು ಅಪಾಯದ ಜಾಗಗಳಲ್ಲಿ ಬಂಡೆಗಳನ್ನು ತಡೆಯಲು ಉಕ್ಕಿನ ಬಲೆಗಳಿವೆ. ಮಣ್ಣು ಹಿಡಿದಿಡಲು ಲಾವಂಚ ನೆಡಲಾಗಿದೆ. ನಿಲ್ದಾಣಗಳಲ್ಲಿ ಮಳೆಮಾಪಕಗಳು, ಜುವಾರಿ, ಮಾಂಡವಿ, ಶರಾವತಿಯಂಥ ನದಿಗಳ ಸೇತುವೆಗಳ ಮೇಲೆ ಗಾಳಿಯ ವೇಗ ಅಳೆಯುವ ಉಪಕರಣಗಳು ಇವೆ. ಇಷ್ಟೆಲ್ಲ ಇದ್ದರೂ ರಾತ್ರಿಯಿಡೀ ಮಳೆಯಲ್ಲಿ ಹಳಿಯುದ್ದಕ್ಕೂ ನಡೆದು ನೋಡುವ ಗಸ್ತು ಸಿಬ್ಬಂದಿಯ ಅಗತ್ಯ ತಪ್ಪಿಲ್ಲ.

ಎಷ್ಟು ಎಚ್ಚರ ವಹಿಸಿದರೂ ಕೆಲವೊಮ್ಮೆ ದಾರಿಯೇ ಮುಚ್ಚಿಹೋಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ ಹಳಿಯ ಕೆಳಗಿನ ಮಣ್ಣು ಕುಸಿದು, ಬೆಂಗಳೂರು–ಮಂಗಳೂರು ನಡುವಿನ ರೈಲುಗಳು ಹಲವು ದಿನ ನಿಂತವು.

ಕಾಲೇಜು ಪ್ರವೇಶ, ಸಂದರ್ಶನಗಳ ಓಡಾಟವೂ ಇದೇ ತಿಂಗಳುಗಳಲ್ಲಿ. ಪಾಲಕರು ಹಳೆಯ ಸಮಯವನ್ನೇ ನೆಚ್ಚದೆ ಮಳೆಗಾಲದ ಪಟ್ಟಿಯನ್ನು ನೋಡಬೇಕು. ಹೊರಡುವ ಮುನ್ನ 139ಕ್ಕೆ ಕರೆ ಮಾಡಿ ವಿಚಾರಿಸಬೇಕು. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಯಿದ್ದರೆ ಅದೇ ದಿನ ಬೆಳಿಗ್ಗೆ ತಲುಪುವ ಗಾಡಿಯನ್ನು ನಂಬಿ ಕೂರುವುದು ಜಾಣತನವಲ್ಲ. ಒಂದು ದಿನ ಮೊದಲೇ ಹೊರಟರೆ ಖರ್ಚು ತುಸು ಹೆಚ್ಚಾದೀತು, ಒಂದು ವರ್ಷದ ಓದು ಉಳಿದೀತು.

ರೈಲು ನಡುದಾರಿಯಲ್ಲಿ ನಿಂತಾಗ ಗೊಣಗುವುದು ಸಹಜ. ಆದರೆ ಆ ಹೊತ್ತಿನಲ್ಲಿ ಮುಂದಿನ ತಿರುವಿನಾಚೆ ಯಾರೋ ಒಬ್ಬರು ಕೈದೀಪ ಹಿಡಿದು ಹಳಿಯನ್ನು ಪರೀಕ್ಷಿಸುತ್ತಿರಬಹುದು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದು.