ಮಾತೇ ದಾಳವಾದ ಆಟ

ದಾಳವಿಲ್ಲದೆ, ಇಸ್ಪೀಟಿನ ಎಲೆಯಿಲ್ಲದೆ, ಮಾತಿನ ಬಲದಿಂದಲೇ ಏಳು ಮಂದಿ ಆಡುವ ಆಟವೊಂದುಂಟು. ಅದರ ಹೆಸರು ‘ಡಿಪ್ಲೊಮಸಿ’, ಎಂದರೆ ರಾಜತಂತ್ರ. ಅಮೆರಿಕದ ಅಲನ್ ಕ್ಯಾಲ್ಹಮರ್ ಎಂಬವರು 1954ರಲ್ಲಿ ಇದನ್ನು ರೂಪಿಸಿ, 1959ರಲ್ಲಿ ಸ್ವಂತ ವೆಚ್ಚದಿಂದ 500 ಪ್ರತಿಗಳನ್ನು ಹೊರತಂದರು. 1963ರಿಂದ ಜನರು ಇದನ್ನು ಅಂಚೆಯ ಮೂಲಕ ಆಡತೊಡಗಿದರು. ಮುಂದೆ ಕ್ಯಾಲ್ಹಮರರೂ ಅಂಚೆ ಹಂಚುವ ಉದ್ಯೋಗಕ್ಕೇ ಸೇರಿದುದು ಸ್ವಾರಸ್ಯದ ಸಂಗತಿ. ಈಗ ಆ ಓಲೆಗಳನ್ನು ಅಂತರ್ಜಾಲವು ಒಯ್ಯುತ್ತಿದೆ.

ಯೂರೋಪಿನ ಭೂಪಟವೇ ಇದರ ಹಾಸು, ಆಟದ ಕಾಲ ಮೊದಲಾಗುವುದು 1901ರಿಂದ. ಇಂಗ್ಲೆಂಡು, ಫ್ರಾನ್ಸು, ಜರ್ಮನಿ, ಇಟಲಿ, ಆಸ್ಟ್ರಿಯ, ರಷ್ಯ, ತುರ್ಕಿ, ಇವು ಒಬ್ಬೊಬ್ಬರಿಗೆ ಒಂದೊಂದು. ಸೇನೆಗಳೆಲ್ಲವೂ ಸಮಬಲವುಳ್ಳವು, ಒಂಟಿ ಸೇನೆಯು ಇನ್ನೊಂದನ್ನು ಕದಲಿಸಲಾರದು, ಮತ್ತೊಂದರ ಬೆಂಬಲ ಬೇಕು. 34 ಕೇಂದ್ರಗಳಲ್ಲಿ 18ನ್ನು ಹಿಡಿದವನಿಗೆ ಜಯ. ಆದುದರಿಂದ ನೆರೆಯವನ ಸ್ನೇಹವಿಲ್ಲದೆ ಯಾರೂ ಬೆಳೆಯಲಾರರು. ಆ ಸ್ನೇಹವನ್ನು ಕಡೆಯವರೆಗೆ ಕಾಪಾಡಿಕೊಂಡು ಒಬ್ಬನೇ ಗೆಲ್ಲುವುದೂ ದುಸ್ಸಾಧ್ಯ. ಎಲ್ಲರೂ ಗುಟ್ಟಾಗಿ ಬರೆದಿಟ್ಟ ಆಜ್ಞೆಗಳು ಏಕಕಾಲಕ್ಕೆ ಬಯಲಾಗುತ್ತವೆ. ನಿನ್ನೆ ಕೊಟ್ಟ ಭಾಷೆಯ ಬೆಲೆ ಎಷ್ಟೆಂಬುದು ತಿಳಿಯುವುದು ಆಗಲೇ.

ಭಾಷೆ ತಪ್ಪುವುದನ್ನು ಕಲಿಸುವ ಆಟವನ್ನು ಮನೆಯಲ್ಲಿ ಆಡಗೊಡಬಹುದೇ ಎಂದು ಗೃಹಸ್ಥರು ಕೇಳಿಯಾರು. ಅದು ನಿಯಮದೊಳಗಿನದೆಂದು ಏಳು ಮಂದಿಯೂ ಮೊದಲೇ ಒಪ್ಪಿ ಕುಳಿತಿರುತ್ತಾರೆ. ಒಪ್ಪಿ ಆಡಿದ ಮೋಸವನ್ನು ನಾವು ದೂಷಿಸಲಾರೆವು. ನಮಗೆ ನಿಂದ್ಯವಾಗಿ ತೋರುವುದು ಸೋಲಿನ ಸುಳಿವು ಕಂಡೊಡನೆ ಸದ್ದಿಲ್ಲದೆ ಎದ್ದು ಹೋಗುವ ಚಾಳಿ. ಅವನ ಸೇನೆಗಳು ನಿಂತಲ್ಲಿಯೇ ನಿಲ್ಲುತ್ತವೆ. ಸಮೀಪದವನೊಬ್ಬನು ಆ ನಾಡನ್ನು ಶ್ರಮವಿಲ್ಲದೆ ನುಂಗುತ್ತಾನೆ. ಉಳಿದವರ ತಿಂಗಳುಗಟ್ಟಲೆಯ ಯೋಚನೆ ನೀರುಪಾಲು!

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. 2022ರಲ್ಲಿ ‘ಮೆಟಾ’ ಸಂಸ್ಥೆಯವರು ‘ಸಿಸೆರೊ’ ಎಂಬ ಯಂತ್ರಬುದ್ಧಿಯ ಪರೀಕ್ಷೆಯ ವಿವರವನ್ನು ಪ್ರಕಟಿಸಿದರು. ಅದು ಅಂತರ್ಜಾಲದಲ್ಲಿ 82 ಮಂದಿಯೊಡನೆ 40 ಆಟಗಳನ್ನಾಡಿ, ಒಂದಕ್ಕಿಂತ ಹೆಚ್ಚು ಆಟಗಳನ್ನಾಡಿದವರ ಪೈಕಿ ಮೊದಲ ಶೇಕಡಾ 10ರೊಳಗೆ ನಿಂತಿತು. ಸಂಧಿ ಮಾಡಿಕೊಂಡದ್ದು, ಸಮಾಧಾನ ಹೇಳಿದ್ದು, ಎಲ್ಲವೂ ಯಂತ್ರವೇ. ಏಳು ಮಂದಿಯಲ್ಲಿ ಯಂತ್ರ ಯಾವುದೆಂದು ಆಡುವಾಗ ಉಳಿದವರಿಗೆ ತಿಳಿಸಿರಲಿಲ್ಲ. ನೆರೆಯ ಅರಸು ಮಾತಿಗೆ ತಪ್ಪಿಯಾನೆಂದು ಬಗೆಯುವುದು ಬೇರೆ, ಮಾತನಾಡುತ್ತಿರುವವನು ಮನುಷ್ಯನೇ ಹೌದೋ ಎಂದು ಶಂಕಿಸುವುದು ಬೇರೆ. ಮೊದಲನೆಯದು ಆಟದ ರುಚಿ. ಎರಡನೆಯದು ನಮಗೆ ರುಚಿಸದು.

ಆ ಪರೀಕ್ಷೆಯ ಆಟಗಳಲ್ಲಿ ಸರದಿಗೆ ಐದೇ ನಿಮಿಷ. ಮನೆಯಲ್ಲಿ ಆಡಬಯಸುವವರು ಪರಿಚಿತರನ್ನೇ ಕೂಡಿಸಿ, ಸರದಿಗೆ ಎರಡು ದಿನಗಳ ಅವಧಿಯನ್ನಿಡುವುದು ಲೇಸು. ಆಗ ಸಂಜೆ ಬಂದ ಓಲೆಯನ್ನು ಬೆಳಗ್ಗೆ ಇನ್ನೊಮ್ಮೆ ಓದಿ ಉತ್ತರಿಸಲು ಬಿಡುವಿರುತ್ತದೆ.