ಗಿರಾಕಿ ಯಾರು ಅಂತ ಬರೆಯುವ ಮೊದಲು...

ಮೊನ್ನೆ ಭಾನುವಾರ ಥಾಣೆಯಿಂದ ಅಣ್ಣನ ಮಗಳು ಬಂದಿದ್ದಳು. ಗಂಡನ ಕಂಪನಿ ಮುಚ್ಚಿ ನಾಲ್ಕು ತಿಂಗಳಾಯಿತು. ಕೈಯಲ್ಲಿ ಉಳಿದಿರುವ ಒಂದೂವರೆ ಲಕ್ಷದಲ್ಲಿ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುವ ಯೋಚನೆ ಅವಳದ್ದು. ಪುಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅವಳ ಚಿಂತೆ ಬೇರೆ.

"ಚಿಕ್ಕಪ್ಪ, ಪ್ಯಾಕೆಟ್ ಮೇಲೆ 'ಮುಂಬೈ ಕನ್ನಡಿಗರಿಗಾಗಿ' ಅಂತ ಹಾಕಿಸ್ಲಾ? ಇವರು ಬೇಡ ಅಂತಾರೆ. ಹಾಗೆ ಹಾಕಿದ್ರೆ ಉಳಿದವರು ಮುಟ್ಟೋದೇ ಇಲ್ಲ, ಇಡೀ ಮುಂಬೈಗೆ ಮಾರೋಣ ಅಂತಾರೆ."

ಗಂಡ ಹೆಂಡತಿ ಇಬ್ಬರದ್ದೂ ತಪ್ಪು ಅಂತ ನನ್ನ ಅಭಿಪ್ರಾಯ. ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಈ ಎರಡೂ ತಪ್ಪನ್ನು ನಾನು ಸ್ವಂತ ದುಡ್ಡು ಕಳೆದುಕೊಂಡು ಕಲಿತವನು.

1994ರಲ್ಲಿ ಡೊಂಬಿವಲಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇತ್ತು. ಊರಿನ ಸಾಮಾನು ಮಾತ್ರ. ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು. ಗಿರಾಕಿ ಯಾರು? ನಮ್ಮ ಕರಾವಳಿಯವರು. ಸುತ್ತಮುತ್ತ ಸಾವಿರ ಮನೆ ಇದ್ದಾವು ಅಂತ ನನ್ನ ಲೆಕ್ಕ. ಬಂದವರೆಲ್ಲ ಹಪ್ಪಳ ಮೂಸಿ "ಆಹಾ, ಊರಿನ ನೆನಪಾಯ್ತು ಮಾರಾಯ್ರೆ" ಅನ್ನುತ್ತಿದ್ದರು. ಆಮೇಲೆ ಬೆಲೆ ಕೇಳಿ, "ಮೇ ತಿಂಗಳಲ್ಲಿ ಊರಿಗೆ ಹೋಗ್ತೇವಲ್ಲ, ತಂದ್ರಾಯ್ತು" ಅಂತ ಹೊರಡುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲಂತೂ ಸೀಟಿನ ಅಡಿಯಲ್ಲಿ ಅಕ್ಕಿ ಮೂಟೆಯೇ ಬರತೊಡಗಿತು. ಊರಿನ ತಿಂಡಿಗೆ ಅತಿ ಹೆಚ್ಚು ಹಂಬಲಿಸುವವನು ಅದನ್ನು ಊರಿನಿಂದಲೇ ತರುತ್ತಾನೆ, ಅಂಗಡಿಯಲ್ಲಿ ಕೊಳ್ಳುವುದಿಲ್ಲ. ನನಗೆ ಈ ಸತ್ಯ ತಡವಾಗಿ ಹೊಳೆಯಿತು.

ಹೆದರಿಕೆಯಾಯಿತು. ಹೆದರಿದವನು ಮಾಡುವುದನ್ನೇ ಮಾಡಿದೆ. ಸೋಪು, ನೂಡಲ್ಸ್, ನೋಟ್‌ಬುಕ್ಕು, ರಾಖಿ ಎಲ್ಲ ಇಟ್ಟೆ. ಎಲ್ಲರೂ ಬರಲಿ ಅಂತ! ಆದರೆ ಪಕ್ಕದ ದೊಡ್ಡ ಅಂಗಡಿಯಲ್ಲಿ ಅವೆಲ್ಲ ನನ್ನಲ್ಲಿಗಿಂತ ಎಂಟಾಣೆ ಅಗ್ಗಕ್ಕೆ ಸಿಗುತ್ತಿದ್ದವು. 2001ರಲ್ಲಿ ಬಾಗಿಲು ಹಾಕಿದೆ. ಹೆಂಡತಿಯ ಎರಡು ಬಳೆ ಅದರಲ್ಲೇ ಹೋದವು. ಅವಳು ಇವತ್ತಿಗೂ ಆ ಮಾತು ಎತ್ತಿಲ್ಲ.

ಅಂಗಡಿ ಮುಚ್ಚುವ ವಾರ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಪ್ರತಿ ತಿಂಗಳು ತಪ್ಪದೆ ಕುಚ್ಚಲಕ್ಕಿ ಒಯ್ದವರಲ್ಲಿ ಮುಕ್ಕಾಲು ಪಾಲು ಸಿಂಧುದುರ್ಗ ಕಡೆಯ ಮರಾಠಿಯವರು! ನಮ್ಮ ಗಂಜಿ ಅವರಿಗೆ 'ಪೇಜ್', ನಮ್ಮ ಕುಚ್ಚಲಕ್ಕಿ ಅವರಿಗೆ 'ಉಕಡಾ ತಾಂದೂಳ'. ನನ್ನ ನಿಜವಾದ ಗಿರಾಕಿ 'ಬೆಳಿಗ್ಗೆ ಗಂಜಿ ಬೇಕೆನ್ನುವವನು'. ಅವನ ಮನೆಮಾತು ಯಾವುದಾದರೇನು? ನಾನು ಗಿರಾಕಿಯನ್ನು ಕಿರಿದಾಗಿ ಆರಿಸಿದ್ದು ತಪ್ಪಾಗಿರಲಿಲ್ಲ. ಅವನ ಹಸಿವು ನೋಡುವ ಬದಲು ಊರು ನೋಡಿ ಆರಿಸಿದ್ದು ತಪ್ಪಾಗಿತ್ತು.

ಇದನ್ನು ಸರಿಯಾಗಿ ಮಾಡಿದವರು ನಮ್ಮವರಲ್ಲೇ ಇದ್ದರು. ಮುಲ್ಕಿ ಕಡೆಯ, ಹಣ್ಣಿನ ವ್ಯಾಪಾರಿಯ ಮಗ ರಘುನಂದನ್ ಕಾಮತ್ 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದಾಗ, ಬರೀ ಐಸ್‌ಕ್ರೀಮಿಗೆ ಜನ ಬಂದಾರೋ ಇಲ್ಲವೋ ಎಂದು ಪಾವ್‌ಭಾಜಿಯನ್ನೂ ಮಾರುತ್ತಿದ್ದರು. ಆಮೇಲೆ ಪಾವ್‌ಭಾಜಿ ನಿಲ್ಲಿಸಿ ಐಸ್‌ಕ್ರೀಂ ಒಂದನ್ನೇ ಉಳಿಸಿಕೊಂಡರು. ಐಸ್‌ಕ್ರೀಮಿನಲ್ಲಿ ಸೀತಾಫಲ, ಎಳನೀರಿನಂಥ ನಿಜವಾದ ಹಣ್ಣಿನ ರುಚಿ ಬೇಕೆನ್ನುವವನು ಅವರ ಗಿರಾಕಿಯಾದ. 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಅಂಗಡಿಗಳು ಎಷ್ಟೋ ಊರುಗಳಲ್ಲಿದ್ದವು. 'ಮಂಗಳೂರಿನವರಿಗೆ ಮಾತ್ರ' ಅಂತ ಬೋರ್ಡು ಹಾಕಿದ್ದರೆ?

ಹಾಗಾದರೆ ಎಷ್ಟು ಕಿರಿದು ಮಾಡಬೇಕು? ಮಗಳ ಮುಂದೆ ಕಾಗದ ಪೆನ್ನು ಇಟ್ಟೆ. "ಮುಂಬೈ ಜನಸಂಖ್ಯೆ ಆಮೇಲೆ. ಮೊದಲು ನಿನ್ನ ಒಲೆ ಎಷ್ಟು ದೊಡ್ಡದು ಹೇಳು" ಅಂದೆ. ಎರಡು ಬಾಣಲೆ, ಒಂದು ಮಿಕ್ಸಿ, ತಿಂಗಳಿಗೆ ಹೆಚ್ಚೆಂದರೆ 40 ಕಿಲೋ ಪುಡಿ. 200 ಗ್ರಾಂ ಪ್ಯಾಕೆಟ್ ಆದರೆ 200 ಪ್ಯಾಕೆಟ್. ಅಂದರೆ ತಿಂಗಳಿಗೊಂದು ಒಯ್ಯುವ ಇನ್ನೂರು ಮನೆ ಸಿಕ್ಕರೆ ಸಾಕು, ಇನ್ನೂರ ಒಂದನೆಯದಕ್ಕೆ ಪುಡಿಯೇ ಇಲ್ಲ! ಕೋಟಿ ಜನರನ್ನು ಮೆಚ್ಚಿಸುವ ಚಿಂತೆ ಅವಳಿಗೆ ಯಾಕೆ?

ಆ ಇನ್ನೂರು ಮನೆಗೆ ಮೂರು ಪ್ರಶ್ನೆ ಸಾಕು. ಪ್ರತಿ ತಿಂಗಳೂ ಕೊಳ್ಳುತ್ತಾರಾ? ಊರಿನಿಂದ ತರುವ, ಮನೆಯಲ್ಲೇ ಹುರಿದು ಕುಟ್ಟುವ ದಾರಿ ಅವರಿಗೆ ಇಲ್ಲವಾ? ರಿಕ್ಷಾ ದುಡ್ಡಿಗೆ ಲಾಭ ಹೋಗದಷ್ಟು ಹತ್ತಿರದಲ್ಲಿದ್ದಾರಾ? ಮೂರಕ್ಕೂ ಹೌದು ಅನ್ನುವವರು ಇನ್ನೂರಕ್ಕಿಂತ ಕಡಿಮೆ ಇದ್ದರೆ ಗೆರೆ ತೀರ ಚಿಕ್ಕದಾಯಿತು, ಸ್ವಲ್ಪ ಹಿಗ್ಗಿಸಬೇಕು. ಯಾರು ಅಂತ ಬೆರಳು ಮಾಡಿ ತೋರಿಸಲು ಆಗದಿದ್ದರೆ ತೀರ ದೊಡ್ಡದಾಯಿತು.

ಅವಳ ಸೊಸೈಟಿಯಲ್ಲೇ ನೋಡಿ. ರಾತ್ರಿ ಎಂಟಕ್ಕೆ ಲೋಕಲ್ಲಿನಿಂದ ಇಳಿದು ಬಂದು ಅಡಿಗೆಗೆ ನಿಲ್ಲುವ ಗಂಡ ಹೆಂಡತಿ ಎಷ್ಟು ಜನ! ಕನ್ನಡದವರು, ಮರಾಠಿಯವರು, ತಮಿಳರು... ಎಲ್ಲರಿಗೂ ಬೇಕಾದದ್ದು ಹತ್ತು ನಿಮಿಷದಲ್ಲಿ ಆಗುವ ಬಿಸಿ ಸಾರು. ಪ್ಯಾಕೆಟ್ ಮೇಲೆ ಅದನ್ನೇ ಬರೆ, ಮಾಡುವ ವಿಧಾನ ಕನ್ನಡ, ಮರಾಠಿ ಎರಡರಲ್ಲೂ ಇರಲಿ ಅಂದೆ.

"ಹಾಗಾದ್ರೆ ನಮ್ಮವರನ್ನ ಬಿಟ್ಟ ಹಾಗಾಗೋದಿಲ್ವಾ ಚಿಕ್ಕಪ್ಪ?" ಅಂದಳು. ಒಂದು ಕ್ಷಣ ನನಗೂ ಚುರುಕ್ಕೆಂದಿತು. ಆಮೇಲೆ ಹೇಳಿದೆ: ಹೆಸರು ಮಾತ್ರ 'ರಸಂ' ಮಾಡಬೇಡ, 'ಸಾರು' ಅಂತಲೇ ಇರಲಿ. ಇನ್ನೂರು ಮನೆಯವರ ಬಾಯಲ್ಲಿ ದಿನಾ ಒಂದು ಕನ್ನಡ ಶಬ್ದ ಓಡಾಡಿದರೆ ಅದೂ ಕನ್ನಡದ ಕೆಲಸವೇ ಅಲ್ಲವೇ?

ಪ್ಯಾಕೆಟ್ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ಇಂಥ ಸಣ್ಣ ವ್ಯಾಪಾರ ಮಾಡಿ ಗೆದ್ದವರು, ಸೋತವರು ನಿಮ್ಮಲ್ಲೂ ಇರಬಹುದು. ನೀವೇನಂತೀರಿ?