ಇಳಿಜಾರು ಹಾದಿ ಔದಾರ್ಯವಲ್ಲ, ಹಕ್ಕು

‘ಬೆರಳೆಣಿಕೆಯ ಮಂದಿಗಾಗಿ ಬೆಂಗಳೂರಿನ ಫುಟ್‌ಪಾತ್‌ಗಳನ್ನೆಲ್ಲ ಅಗೆಯಬೇಕೆ? ಸೇವೆಗಳೆಲ್ಲ ಮೊಬೈಲಿಗೇ ಬಂದಿವೆಯಲ್ಲ’ ಎಂಬ ವಾದದ ಲೇಖನ ಓದಿ ನೋವಾಯಿತು. ಬೆರಳೆಣಿಕೆಯೇ? 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಅವರು ಬೀದಿಯಲ್ಲಿ ಕಾಣುವುದಿಲ್ಲವೆಂದರೆ ಬೀದಿಯೇ ಅವರನ್ನು ಮನೆಯಲ್ಲಿ ಕೂರಿಸಿದೆ.

ನಮ್ಮ ಬಡಾವಣೆಯಲ್ಲಿ ಅಂಧರಿಗೆಂದು ಹಾಸಿದ ಉಬ್ಬುಗೆರೆಯ ಹಳದಿ ಟೈಲ್ಸ್ ನೇರವಾಗಿ ಹೋಗಿ ವಿದ್ಯುತ್ ಕಂಬಕ್ಕೆ ಮುಟ್ಟುತ್ತದೆ. ಒಂದಡಿ ಏರಲು 12 ಅಡಿ ಉದ್ದದ ರ‍್ಯಾಂಪ್ ಬೇಕೆಂಬುದು ಮಾನದಂಡ; ಪಕ್ಕದ ಕಚೇರಿಯದು ಎಷ್ಟು ಕಡಿದೆಂದರೆ, ಗಾಲಿಕುರ್ಚಿಯನ್ನು ಇಬ್ಬರು ತಳ್ಳಬೇಕು.

ಇನ್ನು ಮೊಬೈಲಿನ ಮಾತು. ದೃಷ್ಟಿಯಿಲ್ಲದ ನನ್ನ ಗೆಳೆಯ ಸ್ಕ್ರೀನ್ ರೀಡರ್ ಕೇಳಿಸಿಕೊಳ್ಳುತ್ತ ಇಡೀ ಅರ್ಜಿಯನ್ನು ತಾನೇ ತುಂಬುತ್ತಾನೆ. ಕೊನೆಯಲ್ಲಿ ಸೊಟ್ಟಗೆ ಬರೆದ ಅಕ್ಷರಗಳ ಕ್ಯಾಪ್ಚಾ ಬರುತ್ತದೆ. ಅದನ್ನು ಸ್ಕ್ರೀನ್ ರೀಡರ್ ಓದಲಾರದು, ಧ್ವನಿಯ ಆಯ್ಕೆಯೂ ಇಲ್ಲ. ಆಗ ಪಕ್ಕದ ಮನೆಯವರನ್ನು ಕರೆದು, ತನ್ನ ಆಧಾರ್ ಸಂಖ್ಯೆ, ಒಟಿಪಿಗಳನ್ನೆಲ್ಲ ಅವರ ಮುಂದಿಡಬೇಕು. ನಲವತ್ತು ದಾಟಿದ, ಸ್ವಂತ ದುಡಿಮೆಯ ಮನುಷ್ಯ ಅವನು. ಇದನ್ನು ಸೌಲಭ್ಯ ಎನ್ನಲಾಗದು.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟ ಐದು ವರ್ಷಗಳ ಗಡುವು ಎಂದೋ ಮುಗಿದಿದೆ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕನ್ನು ತಲೆ ಎಣಿಸಿ ಕೊಡುವುದಿಲ್ಲ.

ಲೇಖಕರಲ್ಲಿ ಒಂದೇ ವಿನಂತಿ: ನಿಮ್ಮ ಮನೆಯಿಂದ ಹತ್ತಿರದ ಬಸ್ ನಿಲ್ದಾಣದವರೆಗೆ ಒಮ್ಮೆ ಗಾಲಿಕುರ್ಚಿಯಲ್ಲಿ ಹೋಗಿಬನ್ನಿ. ಖರ್ಚಿನ ಲೆಕ್ಕ ಆಮೇಲೆ ಮಾತಾಡೋಣ.